ತೊಂಬತ್ತೊಂದು ದಿನದ ಹರಳು

೧೨ ಜನವರಿ

ಅಮ್ಮ,

ನಿನ್ನ ಹರಳು ಕ್ಷೇಮ. ಅದನ್ನು ಮೊದಲು ಹೇಳದಿದ್ದರೆ ನೀನು ಮುಂದಿನ ಸಾಲಿಗೆ ಹೋಗುವವಳಲ್ಲ. ನೀನು ಮೇಣ ಹಾಕಿ ಮುಚ್ಚಿ ಕಳಿಸಿದ ಗಾಜಿನ ಕೊಳವೆ ಹಾಗೆಯೇ ಇದೆ. ಹತ್ತೊಂಬತ್ತು ದಿನ ರಿಯಾಕ್ಟರಿನ ನ್ಯೂಟ್ರಾನುಗಳ ಎದುರು ಕೂತರೂ ಹರಳಿನಲ್ಲಿ ಒಂದು ಬಿರುಕು ಬಂದಿಲ್ಲ. ಇಲ್ಲಿನವರು ಅದನ್ನು ನೋಡಿ, "ಇಷ್ಟು ದೊಡ್ಡದನ್ನ ಯಾವ ಯಂತ್ರದಲ್ಲಿ ಬೆಳೆಸಿದ್ರಿ?" ಎಂದು ಕೇಳಿದರು. "ಯಂತ್ರ ಅಲ್ಲ, ನಮ್ಮಮ್ಮ" ಎಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು" ಎನ್ನುವುದರ ಆಚೆ ಹೋದದ್ದು ಯಾವಾಗ? ಹರಳಿನ ಡಬ್ಬಿಯಲ್ಲಿ ನೀನು ಕಾಗದ ಇಡುತ್ತೀಯ, ಖಾಲಿ ಡಬ್ಬಿ ವಾಪಸ್ ಕಳಿಸುವಾಗ ನಾನು ಉತ್ತರ ಇಡುತ್ತೇನೆ. ನಮ್ಮ ನಿಜವಾದ ಮಾತೆಲ್ಲ ಆ ಡಬ್ಬಿಯಲ್ಲೇ ಓಡಾಡುತ್ತದೆ.

ವಿಷಯಕ್ಕೆ ಬರುತ್ತೇನೆ. ನನ್ನ ತಲೆ ಕೆಟ್ಟು ಹೋಗಿದೆ.

"ನಂಗೆ ಹರಳು ಬೆಳೆಸೋದು ಗೊತ್ತು, ಅದರೊಳಗೆ ನೀವೇನು ನೋಡ್ತೀರೋ ನಿಮಗೇ ಗೊತ್ತು" ಎನ್ನುತ್ತಿರುತ್ತೀಯಲ್ಲ, ಈ ಸಲ ಬಿಡಿಸಿ ಬರೆಯುತ್ತೇನೆ. ನಿನ್ನ ಹರಳಾಗಿರುವ ನಮ್ಮ ಪ್ರೊಟೀನಿನ ನಡುವೆ ಒಂದು ಗುಳಿ ಇದೆ. ಆ ಗುಳಿಯ ಆಳದಲ್ಲಿ, ಎರಡು ಕೊಂಬೆಗಳ ಮಧ್ಯೆ, ಒಂದು ಹೈಡ್ರೋಜನ್ ಪರಮಾಣು ಕೂತಿದೆ, ಪ್ರೊಟೀನಿನ ಕೆಲಸ ಶುರುವಾಗುವುದೇ ಅದರಿಂದ, ಎಂದು ನಿಮ್ಮ ಲ್ಯಾಬಿನಲ್ಲೇ ಇದ್ದ ಮೇಷ್ಟ್ರು ಮೂವತ್ತು ವರ್ಷದಿಂದ ಹೇಳುತ್ತಿದ್ದಾರೆ. ಅದನ್ನು ಕಣ್ಣಾರೆ ಕಂಡವರಿಲ್ಲ. ಎಕ್ಸ್-ರೇಗೆ ಹೈಡ್ರೋಜನ್ ಕಾಣುವುದೇ ಇಲ್ಲ ಎನ್ನಬಹುದು, ಅಷ್ಟು ಬಡಕಲು ಅದು. ನ್ಯೂಟ್ರಾನಿಗೆ ಕಾಣುತ್ತದೆ. ಸಾಮಾನ್ಯ ಹೈಡ್ರೋಜನ್ ಇದ್ದರೆ ಪರಮಾಣುಗಳ ನಕ್ಷೆಯಲ್ಲಿ ಒಂದು ತಗ್ಗು. ಹರಳನ್ನು ಭಾರಜಲದಲ್ಲಿ ನೆನೆಸಿಟ್ಟರೆ ಆ ಜಾಗಕ್ಕೆ ಭಾರದ ಹೈಡ್ರೋಜನ್ ಬಂದು ಕೂರುತ್ತದೆ, ಆಗ ತಗ್ಗಿನ ಬದಲು ಒಂದು ದಿಬ್ಬ.

ನಾನು ದಿಬ್ಬ ಹುಡುಕಿದೆ. ಇಲ್ಲ. ತಗ್ಗು ಹುಡುಕಿದೆ. ಅದೂ ಇಲ್ಲ. ಸುತ್ತಲಿನ ನೀರಿನ ಕಣಗಳೆಲ್ಲ ಚೆನ್ನಾಗಿ ಕಾಣುತ್ತಿವೆ, ಆ ಒಂದು ಜಾಗ ಮಾತ್ರ ಬಟಾಬಯಲು. ಅಂದರೆ ಮೇಷ್ಟ್ರು ಹೇಳಿದ ಹೈಡ್ರೋಜನ್ ಅಲ್ಲಿಲ್ಲ.

ಒಂದೇ ಒಂದು ಅನುಮಾನ. ಆ ಜಾಗ ಬಹಳ ಆಳದಲ್ಲಿದೆ, ಭಾರಜಲ ಅಲ್ಲಿಗೆ ಇಳಿಯಲು ಬಹಳ ದಿನ ಬೇಕು. ಹರಳನ್ನು ಕಡಿಮೆ ದಿನ ನೆನೆಸಿದ್ದರೆ ಆ ಜಾಗದಲ್ಲಿ ಮೂರನೇ ಒಂದು ಪಾಲು ಭಾರದ್ದು, ಉಳಿದದ್ದು ಸಾಮಾನ್ಯದ್ದು ಅಂತಾಗಿ, ತಗ್ಗು ದಿಬ್ಬ ಒಂದನ್ನೊಂದು ತುಂಬಿಕೊಂಡು, ಇದ್ದರೂ ಇಲ್ಲದ ಹಾಗೆ ಕಾಣುತ್ತದೆ. ಆದರೆ ನೀನು ತೊಂಬತ್ತೊಂದು ದಿನ ನೆನೆಸಿದ್ದೀಯ. ಆ ಲೆಕ್ಕಕ್ಕೆ ಅನುಮಾನ ಉಳಿಯುವುದಿಲ್ಲ. ತಾರೀಖು ಬರೆದಿಡುವ ಲ್ಯಾಬಿನ ಪುಸ್ತಕ ಒಮ್ಮೆ ನೋಡಿ ತಿಳಿಸು, ಸಾಕು. ಮಾರ್ಚಿನಲ್ಲಿ ದೊಡ್ಡ ಸಭೆಯಲ್ಲಿ ಇದನ್ನು ಹೇಳಬೇಕು. ಆರು ವರ್ಷದ ಸಂಶೋಧನೆಯಲ್ಲಿ ನನಗೆ ಅಂತ ಸಿಕ್ಕ ಮೊದಲ ಸಂಗತಿ ಇದು. ಖುಷಿಯಾಗಬೇಕು, ಆಗುತ್ತಿಲ್ಲ. ಮೇಷ್ಟ್ರಿಗೆ ಯಾರು ಹೇಳುವುದು?

ನಿನ್ನ
ಗುಬ್ಬಿ


೨೦ ಜನವರಿ

ಗುಬ್ಬಿ,

ಕಾಗದ ಬಂತು. ಎರಡು ಸಲ ಓದಿದೆ. ಎರಡನೇ ಸಲ ಅರ್ಥವಾಯಿತು.

ಪುಸ್ತಕದಲ್ಲಿ ತೊಂಬತ್ತೊಂದು ಎಂದೇ ಇದೆ.

ಭಾನುವಾರ ಮೇಷ್ಟ್ರ ಮನೆಗೆ ಹೋಗಿದ್ದೆ. ಎರಡು ಕಣ್ಣಿಗೂ ಪೊರೆ ಬಂದಿದೆ, ಓದಲು ಆಗುವುದಿಲ್ಲ. ಅವರದೇ ಹಳೇ ಲೇಖನಗಳನ್ನು ನನ್ನ ಕೈಲಿ ಓದಿಸುತ್ತಾರೆ, ನಾನು ಕಷ್ಟದ ಪದ ಬಂದಲ್ಲೆಲ್ಲ ಎಡವುತ್ತೇನೆ, ಅವರು ಅಲ್ಲಲ್ಲೇ ತಿದ್ದುತ್ತಾರೆ. "ಹುಡುಗಿ ಏನಂತಾಳೆ? ಕಾಣ್ತಂತಾ?" ಎಂದು ಕೇಳಿದರು. "ಇನ್ನೂ ಲೆಕ್ಕ ಹಾಕ್ತಿದಾಳೆ" ಎಂದೆ. "ಕಾಣುತ್ತೆ ಬಿಡು, ಎಲ್ಲಿಗೆ ಹೋಗುತ್ತೆ" ಎಂದು ನಕ್ಕರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮನೆಗೆ ಬಂದೆ.

ನೀನು ಅವಸರ ಮಾಡಬೇಡ. ಹೊತ್ತಿಗೆ ಸರಿಯಾಗಿ ತಿನ್ನು. ಅಲ್ಲಿ ಚಳಿ ಜಾಸ್ತಿಯಂತೆ.

ಅಮ್ಮ


೨ ಫೆಬ್ರವರಿ

ಗುಬ್ಬಿ,

ಹೋದ ಕಾಗದದಲ್ಲಿ ಪುಸ್ತಕದಲ್ಲಿ ಏನಿದೆ ಎಂದು ಬರೆದೆ. ನಾನು ಏನು ಮಾಡಿದೆ ಎಂದು ಬರೆಯಲಿಲ್ಲ. ಈಗ ಬರೆಯುತ್ತೇನೆ, ಓದಿ ಸಿಟ್ಟಾಗು.

ಜುಲೈನಲ್ಲಿ ಬಂದ ಭಾರಜಲದ ಬಾಟಲಿಯ ಸೀಲು ಒಡೆದಿತ್ತು. ಹೊರಗಿನ ತೇವ ಸೇರಿರುತ್ತದೆ ಎಂದು ಅದನ್ನು ಬಳಸಲಿಲ್ಲ. ಹೊಸದಕ್ಕೆ ಕಾಯುತ್ತಾ ಕಾಯುತ್ತಾ ಅಕ್ಟೋಬರ್ ಬಂತು. ರಿಯಾಕ್ಟರಿನಲ್ಲಿ ನಿನ್ನ ಸರದಿಯ ತಾರೀಖು ಹತ್ತಿರವಾಯಿತು. ಪಕ್ಕದ ಲ್ಯಾಬಿನಿಂದ ಒಂದಿಷ್ಟು ತಂದು ಹಾಕಿದೆ. ಹರಳು ನೆನೆದದ್ದು ಹನ್ನೊಂದೇ ದಿನ. ತೊಂಬತ್ತೊಂದು ಆಗಬೇಕು ಎಂದು ಮೊದಲೇ ಗೊತ್ತುಮಾಡಿದ್ದರಿಂದ ಪುಸ್ತಕದಲ್ಲಿ ಹಾಗೇ ಬರೆದೆ.

ಅಂದರೆ ನೀನು ಹೇಳಿದ ಆ ಮೂರನೇ ಒಂದು ಪಾಲಿನ ಕಥೆಯೇ ಆಗಿರಬೇಕು. ಮೇಷ್ಟ್ರ ಹೈಡ್ರೋಜನ್ ಅಲ್ಲೇ ಇರಬಹುದು. ನನ್ನ ತಪ್ಪಿನಿಂದ ನಿನಗೆ ಕಾಣದೇ ಹೋಗಿರಬಹುದು. ಸಭೆಯಲ್ಲಿ ಹೇಳಬೇಡ.

ಅಮ್ಮ


೧೪ ಫೆಬ್ರವರಿ

ಅಮ್ಮ,

ಸಿಟ್ಟಾಗು ಎಂದು ಬರೆದಿದ್ದೀಯ, ಆಗಿದ್ದೇನೆ.

ನನಗೆ ಓದು ಕಲಿಸುವ ಮೊದಲು ತಾರೀಖು ಬರೆಯಲು ಕಲಿಸಿದವಳು ನೀನು. ಹಾಲಿನವನ ಚೀಟಿಯಲ್ಲೂ ತಾರೀಖಿಲ್ಲದಿದ್ದರೆ ವಾಪಸ್ ಕೊಡುತ್ತಿದ್ದವಳು. ನೀನು ಪುಸ್ತಕದಲ್ಲಿ ಇಲ್ಲದ ಎಂಬತ್ತು ದಿನ ಬರೆದೆ ಎಂದರೆ ನಾನು ಹೇಗೆ ನಂಬಲಿ? ಹೇಗೆ ನಂಬದೇ ಇರಲಿ, ಬರೆದವಳೂ ನೀನೇ. ನಕ್ಷೆ ತೆಗೆದು ಮತ್ತೆ ನೋಡಿದೆ. ಹನ್ನೊಂದು ದಿನವೂ ಅದಕ್ಕೆ ಹೊಂದುತ್ತದೆ, ತೊಂಬತ್ತೊಂದೂ ಹೊಂದುತ್ತದೆ. ಅದು ಯಾರ ಪರವಾಗಿಯೂ ಮಾತಾಡುತ್ತಿಲ್ಲ.

ಸಭೆಯಿಂದ ಹೆಸರು ವಾಪಸ್ ತೆಗೆದುಕೊಂಡೆ. ಕಾರಣ ಬರೆದುಕೊಡಬೇಕಿತ್ತು, ಅದಕ್ಕೆ ನಿಮ್ಮ ಲ್ಯಾಬಿನ ಮುಖ್ಯಸ್ಥರ ಸಹಿ ಬೇಕಿತ್ತು. "ನೆನೆಸಿದ ದಿನಗಳ ದಾಖಲೆ ತಪ್ಪಾಗಿದೆ" ಎಂದು ಬರೆದೆ. ನಿನ್ನ ಹೆಸರು ಬರೆಯಲಿಲ್ಲ. ಬರೆಯದಿದ್ದರೂ ಆ ಪುಸ್ತಕದಲ್ಲಿ ಇನ್ಯಾರ ಅಕ್ಷರ ಇದೆ?

ರಿಯಾಕ್ಟರಿನಲ್ಲಿ ಮುಂದಿನ ಸರದಿ ಆಗಸ್ಟಿಗೆ. ಅದೇ ತಟ್ಟೆಯಲ್ಲಿ ಇನ್ನೊಂದು ಹರಳು ಇತ್ತಲ್ಲ, ಅದು ಭಾರಜಲದಲ್ಲೇ ಇರಲಿ. ಈ ಸಲ ದಯವಿಟ್ಟು ಆದದ್ದನ್ನು ಬರಿ.

ಗುಬ್ಬಿ


೩ ಏಪ್ರಿಲ್

ಗುಬ್ಬಿ,

ಒಂದೂವರೆ ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ ಎಂದಲ್ಲ.

ಮುಖ್ಯಸ್ಥರು ಕರೆದು ಕೇಳಿದರು. ಹೌದು ಎಂದೆ. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಹರಳಿನ ಕೋಣೆಯ ಕೀಲಿ ಕೇಳಿ ಇಸಕೊಂಡರು. ಈಗ ನನ್ನನ್ನು ಗಾಜಿನ ಸಾಮಾನು ತೊಳೆಯುವ ಕೋಣೆಗೆ ಹಾಕಿದ್ದಾರೆ. ಇಪ್ಪತ್ತೇಳು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದ್ದು ಅದೇ ಕೋಣೆಗೆ. ನಲ್ಲಿ ಆಗಲೂ ತೊಟ್ಟಿಕ್ಕುತ್ತಿತ್ತು, ಈಗಲೂ ತೊಟ್ಟಿಕ್ಕುತ್ತದೆ. ನಾವಿಬ್ಬರೂ ಹಳೇ ಪರಿಚಯ.

ನಿನ್ನ ಹರಳಿನ ಬಗ್ಗೆ ಚಿಂತೆ ಮಾಡಬೇಡ. ಹೊಸದಾಗಿ ಬಂದ ಹುಡುಗಿ ನೋಡಿಕೊಳ್ಳುತ್ತಿದ್ದಾಳೆ. ತಟ್ಟೆ ಎತ್ತುವಾಗ ಉಸಿರು ಬಿಗಿ ಹಿಡಿಯಬೇಕು ಎಂದು ಹೇಳಿಕೊಟ್ಟಿದ್ದೇನೆ. ಆಗಸ್ಟ್ ಹೊತ್ತಿಗೆ ಭಾರಜಲದಲ್ಲಿ ಹತ್ತು ತಿಂಗಳಾಗುತ್ತದೆ, ಎಷ್ಟು ಆಳವಿದ್ದರೂ ಇಳಿದಿರುತ್ತದೆ.

ಮೇಷ್ಟ್ರಿಗೆ ಹೇಳಿದೆ. ಮೊದಲು ಕಂಡಿಲ್ಲ ಎಂದು, ಆಮೇಲೆ ಯಾಕೆ ಕಂಡಿಲ್ಲ ಎಂದು. "ಹನ್ನೊಂದೇ ದಿನಾನಾ?" ಎಂದರು. ಹೌದು ಎಂದೆ. "ಹಾಗಾದ್ರೆ ಕಾಯೋಣ" ಎಂದರು. ಆವತ್ತು ಮಾತ್ರ ಎರಡು ಲೋಟ ಕಾಫಿ ಕುಡಿದರು. ಮುಂದಿನ ತಿಂಗಳು ಕಣ್ಣಿನ ಆಪರೇಷನ್.

ಈ ಕೆಲಸದಲ್ಲಿ ನನಗೆ ತೊಂದರೆ ಏನೂ ಇಲ್ಲ. ಕೈ ನೀರಲ್ಲಿ ನೆನೆದು ಬಿಳಿಚಿಕೊಳ್ಳುತ್ತದೆ, ಅಷ್ಟೆ.

ಅಮ್ಮ


೧೯ ಸೆಪ್ಟೆಂಬರ್

ಅಮ್ಮ,

ಎರಡನೇ ಹರಳಿನ ನಕ್ಷೆ ನಿನ್ನೆ ಮುಗಿಯಿತು. ಆ ಜಾಗ ಈ ಸಲವೂ ಬಟಾಬಯಲು.

ಸುತ್ತ ಎಲ್ಲೆಡೆ ಎತ್ತರೆತ್ತರದ ದಿಬ್ಬಗಳು, ಆಳದಲ್ಲಿ ಅವಿತ ಜಾಗಗಳಲ್ಲೂ. ಅಂದರೆ ಭಾರಜಲ ಎಲ್ಲ ಕಡೆ ಇಳಿದಿದೆ. ಈ ಜಾಗದಲ್ಲಿ ಹೈಡ್ರೋಜನ್ ಇದ್ದಿದ್ದರೆ ಈಗ ಕಾಣಲೇಬೇಕಿತ್ತು. ಅದು ಪಕ್ಕದ ನೀರಿನ ಕಣದ ಮೇಲೆ ಕೂತಿದೆ, ಅಲ್ಲಿ ಸ್ಪಷ್ಟವಾಗಿ ಕಾಣುತ್ತಿದೆ. ಕೆಲಸ ಶುರುಮಾಡುವುದು ಆ ನೀರು, ಮೇಷ್ಟ್ರು ಹೇಳಿದ ಹೈಡ್ರೋಜನ್ ಅಲ್ಲ.

ನನಗೆ ಒಂದೇ ಒಂದು ಬಗೆಹರಿಯುತ್ತಿಲ್ಲ. ಹೋದ ಸಲದ ನಕ್ಷೆಯನ್ನು ಪಕ್ಕದಲ್ಲಿಟ್ಟು ಹೋಲಿಸಿದೆ. ಹನ್ನೊಂದು ದಿನ ನೆನೆದದ್ದಕ್ಕೂ ಹತ್ತು ತಿಂಗಳು ನೆನೆದದ್ದಕ್ಕೂ ಬೇರೆ ಆಳದ ಜಾಗಗಳಲ್ಲಿ ಒಂದಿಷ್ಟಾದರೂ ವ್ಯತ್ಯಾಸ ಇರಬೇಕಲ್ಲ. ಇರುವುದು ತೀರಾ ಸ್ವಲ್ಪ. ಹನ್ನೊಂದು ದಿನದಲ್ಲಿ ಅಷ್ಟು ಇಳಿಯುತ್ತದೆಯೇ? ನನಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲೇ ಎಲ್ಲೋ ಎಡವಟ್ಟಾಗಿರಬೇಕು.

ಅಂತೂ ನಿನ್ನ ತಪ್ಪಿನಿಂದ ಏನೂ ಬದಲಾಗಲಿಲ್ಲ. ಅದೊಂದು ಸಮಾಧಾನ ಇಟ್ಟುಕೋ. ಮೇಷ್ಟ್ರಿಗೆ ನಾನೇ ಬರೆಯುತ್ತಿದ್ದೇನೆ. ನಿನ್ನ ಬಾಯಲ್ಲಿ ಹೇಳಿಸುವುದು ಬೇಡ ಅನ್ನಿಸಿತು.

ಗುಬ್ಬಿ


೧ ಅಕ್ಟೋಬರ್

ಗುಬ್ಬಿಗೆ ಮೇಷ್ಟ್ರು ಬರೆದದ್ದು.

ಪೊರೆ ತೆಗೆದಿದ್ದಾರೆ. ಅಕ್ಷರ ಆನೆಗಾತ್ರ ಇದೆ ಎಂದು ನಗಬೇಡ, ಇಷ್ಟಾದರೂ ಕಾಣುತ್ತದಲ್ಲ.

ನಿನ್ನ ಎರಡೂ ನಕ್ಷೆಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ನೀನು ಸರಿ. ನಾನು ಮೂವತ್ತು ವರ್ಷ ತಪ್ಪು. ಬರೆಯಲು ಎರಡು ಸಾಲು ಸಾಕಾಯಿತು, ಆದರೆ ಅದನ್ನು ಬರೆಯಲು ಕೂತು ಎದ್ದು ಮೂರು ದಿನವಾಯಿತು.

ನಿನ್ನ ಲೆಕ್ಕದಲ್ಲಿ ಎಡವಟ್ಟಿಲ್ಲ. ಎರಡು ನಕ್ಷೆ ಒಂದೇ ಥರ ಇರುವುದಕ್ಕೆ ಕಾರಣ, ಮೊದಲನೆಯ ಹರಳು ನಿಜವಾಗಿಯೂ ತೊಂಬತ್ತೊಂದು ದಿನ ನೆನೆದದ್ದು. ಹೋದ ವರ್ಷ ಜುಲೈನಲ್ಲಿ ನನ್ನ ಕಪಾಟು ಖಾಲಿ ಮಾಡಲು ಲ್ಯಾಬಿಗೆ ಹೋಗಿದ್ದೆ. ಆವತ್ತು ಬಾಟಲಿ ಬಂತು. ಆಗ ಕಣ್ಣು ಇಷ್ಟು ಕೆಟ್ಟಿರಲಿಲ್ಲ. ನಿನ್ನ ಅಮ್ಮ ನನ್ನೆದುರಿಗೇ ಸೀಲು ಒಡೆದಳು, ನನ್ನೆದುರಿಗೇ ತಟ್ಟೆಗೆ ಹಾಕಿದಳು, ಕೈ ಒರೆಸಿಕೊಂಡು ತಾರೀಖು ಬರೆದಳು. ಹನ್ನೊಂದು ದಿನ ಎಂದು ಅವಳು ನನ್ನ ಮುಂದೆ ಕೂತು ಹೇಳಿದಾಗ ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಯಾರಿಗೋಸ್ಕರ ಎಂಬುದೂ ಗೊತ್ತಿತ್ತು.

ನಾನು ಸುಮ್ಮನಿದ್ದೆ. ಅವಳ ಕೀಲಿ ಇಸಕೊಂಡಾಗಲೂ ಸುಮ್ಮನಿದ್ದೆ. ನನಗೂ ಅದು ನಿಜವಾಗಿರಲಿ ಎನಿಸಿತ್ತು. ಇನ್ನೊಬ್ಬರ ಹೆಸರು ಕೆಟ್ಟರೂ ಪರವಾಗಿಲ್ಲ, ಆರು ತಿಂಗಳು ನಾನು ಸರಿ ಎಂದುಕೊಂಡು ಬದುಕೋಣ ಎನಿಸಿತು. ಇದಕ್ಕೆ ಏನು ಹೆಸರು ಕೊಡುತ್ತೀಯೋ ಕೊಡು.

ಜೂನಿನಲ್ಲಿ ಬೇರೆ ಕಡೆಯವರು ಇದನ್ನೇ ಅಚ್ಚುಹಾಕಿಸಿದ್ದನ್ನು ಯಾರೋ ಓದಿ ಹೇಳಿದರು. ಮಾರ್ಚಿನಲ್ಲಿ ನೀನು ಹೇಳಿದ್ದರೆ ಅದು ನಿನ್ನದಾಗುತ್ತಿತ್ತು. ಈ ವಿಷಯ ನಿನ್ನ ಅಮ್ಮನಿಗೆ ನಾನು ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ.

ಮೇಷ್ಟ್ರು


೯ ಅಕ್ಟೋಬರ್

ಅಮ್ಮ,

ಮೇಷ್ಟ್ರು ಎಲ್ಲ ಬರೆದಿದ್ದಾರೆ. ಹನ್ನೊಂದು ದಿನ ಎಂಬುದೇ ಸುಳ್ಳು ಎಂದು ಈಗ ಗೊತ್ತಾಗಿದೆ.

ನಿನಗೆ ಆ ಸುಳ್ಳನ್ನು ಕೈಗೆ ಕೊಟ್ಟವಳು ನಾನೇ ಎಂಬುದೂ ಗೊತ್ತಾಗಿದೆ. ಕಡಿಮೆ ದಿನ ನೆನೆಸಿದರೆ ಹೇಗೆ ಕಾಣುತ್ತದೆ ಎಂದು ಜನವರಿಯಲ್ಲಿ ಬಿಡಿಸಿ ಬಿಡಿಸಿ ಬರೆದೆ. ನೀನು ಎರಡು ಸಲ ಓದಿ ಅರ್ಥಮಾಡಿಕೊಂಡೆ.

ಈ ಕಾಗದದಲ್ಲಿ ನನಗೇನೂ ನಷ್ಟವಾಗಿಲ್ಲ ಎಂದು ಒಮ್ಮೆ ಬರೆದು, ಹರಿದು ಹಾಕಿದೆ. ನಷ್ಟವಾಗಿದೆ ಅಮ್ಮ. ಜೂನಿನಲ್ಲಿ ಬೇರೆಯವರು ಇದನ್ನೇ ಪ್ರಕಟಿಸಿದರು. ಇನ್ನು ಮೇಲೆ ನಾನು ಬರೆದರೆ ಅದು "ಹೌದು, ಅವರು ಹೇಳಿದ್ದು ಸರಿ" ಎಂಬ ಟಿಪ್ಪಣಿ. ಜೂನಿನಲ್ಲೇ ನನಗೆ ಗೊತ್ತಿತ್ತು, ನಿನಗೆ ನೋವಾಗುತ್ತದೆ ಎಂದು ಹೇಳಲಿಲ್ಲ. ನಿನ್ನದು ಅಚಾತುರ್ಯ, ಬೇಕೆಂದು ಮಾಡಿದ್ದಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡು ನಾಲ್ಕು ತಿಂಗಳು ಕಳೆದೆ. ಈಗ ಆ ಸಮಾಧಾನವೂ ಇಲ್ಲ. ನೀನು ಅವರನ್ನೂ ನನ್ನನ್ನೂ ಎದುರೆದುರು ಇಟ್ಟು ನೋಡಿ ಅವರನ್ನು ಆರಿಸಿಕೊಂಡೆ ಅನ್ನಿಸುತ್ತದೆ. ಹಾಗಲ್ಲ ಎಂದು ನೀನು ಬರೆಯಬಹುದು. ಬರೆ, ಓದುತ್ತೇನೆ.

ಇನ್ನೊಂದು ಗೋಜಲು. ನಿಮ್ಮ ಮುಖ್ಯಸ್ಥರಿಗೆ ಬರೆದು ನಿನ್ನ ಹೆಸರು ಸರಿಮಾಡಬೇಕು ಎಂದು ಕೂತರೆ ಕೈ ಓಡುತ್ತಿಲ್ಲ. ಪುಸ್ತಕ ಸರಿ ಇತ್ತು ಎಂದು ಹೇಳಬೇಕಾದರೆ ನೀನು ಅವರ ಮುಂದೆ ಸುಳ್ಳು ಹೇಳಿದೆ ಎನ್ನಬೇಕು. ನೀನು ಹೇಳಿದ್ದನ್ನು ಉಳಿಸಬೇಕಾದರೆ ಪುಸ್ತಕ ಸುಳ್ಳಾಗೇ ಇರಬೇಕು. ಎರಡರಲ್ಲಿ ಯಾವುದು ನಿನಗೆ ಕಡಿಮೆ ಕೆಟ್ಟದ್ದು? ನನಗೆ ತಿಳಿಯುತ್ತಿಲ್ಲ. ನೀನೇ ಹೇಳು, ಹಾಗೇ ಬರೆಯುತ್ತೇನೆ.

ಗುಬ್ಬಿ


೨೨ ಅಕ್ಟೋಬರ್

ಗುಬ್ಬಿ,

ನೀನು ಬರೆಯುವುದು ಬೇಡ. ನಾನೇ ಹೋಗಿ ಹೇಳಿದೆ.

ಅದಕ್ಕಿಂತ ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನಿನ್ನನ್ನೂ ಅವರನ್ನೂ ಎದುರೆದುರು ಇಟ್ಟು ನೋಡಲಿಲ್ಲ. ನೋಡಬೇಕಿತ್ತು. ಬಾಟಲಿ ತೊಳೆಯುತ್ತಿದ್ದವಳನ್ನು ಕರೆದು, "ಕೈ ನಡುಗೋದಿಲ್ಲ ನಿಂದು, ಬಾ ಇಲ್ಲಿ" ಎಂದು ಹರಳಿನ ಮುಂದೆ ಕೂರಿಸಿದವರು ಅವರು. ನಾನು ಬೆಳೆಸಿದ ಹರಳು, ನಾನು ಹೆತ್ತ ಮಗಳು, ಇಬ್ಬರೂ ಸೇರಿ ಕಣ್ಣು ಕಾಣದ ಹೊತ್ತಿನಲ್ಲಿ ಅವರನ್ನು ಕೆಡವುತ್ತಿದ್ದೀರಿ ಎನಿಸಿ ದಿಕ್ಕು ತೋಚಲಿಲ್ಲ. ಅವರು ತಪ್ಪಿರಲಾರರು ಎಂದು ನಾನು ನಿಜವಾಗಿ ನಂಬಿದ್ದೆ. ಎರಡನೇ ಸಲ ಅದು ಕಂಡೇ ಕಾಣುತ್ತದೆ, ನೀನೂ ಗೆಲ್ಲುತ್ತೀಯ, ಅವರೂ ಉಳಿಯುತ್ತಾರೆ, ನನಗೆ ನಾಲ್ಕು ಬೈಗುಳ ಬೀಳುತ್ತದೆ, ಅಲ್ಲಿಗೆ ಮುಗಿಯಿತು ಎಂದು ಲೆಕ್ಕ ಹಾಕಿದೆ. ಆ ಆರು ತಿಂಗಳಲ್ಲಿ ಬೇರೆ ಯಾರೋ ಎಲ್ಲೋ ಅದನ್ನೇ ಹುಡುಕುತ್ತಿರಬಹುದು ಎಂದು ಹೊಳೆಯಲೇ ಇಲ್ಲ. ಬೇಸಿಗೆ ಹೊತ್ತಿಗೆ ಹನ್ನೊಂದು ದಿನ ಎನ್ನುವುದು ನನಗೇ ನಿಜ ಎನಿಸತೊಡಗಿತ್ತು. ಪಕ್ಕದ ಲ್ಯಾಬಿನಿಂದ ಬಾಟಲಿ ಹಿಡಿದುಕೊಂಡು ಬರುತ್ತಿರುವುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

ನಿನ್ನ ಆರು ವರ್ಷವನ್ನು ನಾನು ಹಾಳುಮಾಡಿದೆ. ಇದನ್ನು ಇನ್ನೊಂದು ಥರ ಬರೆಯಲು ನನಗೆ ಬರುವುದಿಲ್ಲ.

ಸೋಮವಾರ ಮುಖ್ಯಸ್ಥರ ಕೋಣೆಗೆ ಹೋದೆ. ಪುಸ್ತಕ ತರಿಸಿ ಮೇಜಿನ ಮೇಲೆ ಇಟ್ಟೆ. "ಇದು ಸರಿ ಇದೆ. ಫೆಬ್ರವರಿಯಲ್ಲಿ ನಿಮ್ಮ ಮುಂದೆ ಹೇಳಿದ್ದೇ ಸುಳ್ಳು" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀವು ಎರಡು ಸಲ ಬಂದಿದೀರಿ, ಎರಡು ಥರ ಹೇಳಿದೀರಿ. ಒಂದು ಸಲ ಅಂತೂ ಸುಳ್ಳೇ. ಯಾವ ಸಲ ಅಂತ ನಾನು ಹೇಗಮ್ಮ ತಿಳಕೊಳ್ಳಲಿ?" ಎಂದರು. ಮೇಷ್ಟ್ರು ಕಣ್ಣಾರೆ ನೋಡಿದ್ದಾರೆ ಎಂದೆ. "ನೋಡಿ ಇಷ್ಟು ದಿನ ಸುಮ್ಮನಿದ್ರಲ್ಲ" ಎಂದರು.

ಅವರು ಕೆಟ್ಟವರಲ್ಲ. ಕೆಂಪು ಪೆನ್ನು ತೆಗೆದು ತೊಂಬತ್ತೊಂದು ಎಂದಿದ್ದ ಸಾಲಿನ ಪಕ್ಕ "ಖಚಿತವಿಲ್ಲ" ಎಂದು ಬರೆದು ಸಹಿ ಹಾಕಿದರು. ಆಮೇಲೆ ಹಿಂದಿನ ಪುಟಗಳನ್ನು ಒಂದೊಂದೇ ತಿರುವಿದರು. ಇಷ್ಟು ವರ್ಷ ನಾನು ಬರೆದ ಪುಟಗಳು ಗುಬ್ಬಿ. ಒಂದು ತಾರೀಖೂ ತಪ್ಪಿಲ್ಲ. ನಿಂತುಕೊಂಡು ನೋಡುತ್ತಿದ್ದೆ, ಯಾವ ಪುಟದ ಮೇಲೂ ಕೈ ಇಟ್ಟು ಇದು ನಿಜ ಎನ್ನುವ ಹಾಗಿರಲಿಲ್ಲ.

ಕೊನೆಗೆ, ಹರಳು ಬೆಳೆಸುವ ಕೈ ಲ್ಯಾಬಿಗೆ ಬೇಕು, ನಾಳೆಯಿಂದ ಕೋಣೆಗೆ ಬನ್ನಿ ಎಂದರು. ಹೋಗುತ್ತಿದ್ದೇನೆ. ನಿನಗೆ ಹೊಸ ಹರಳು ಬೇಕಾದರೆ ಹೇಳು, ಇವತ್ತೇ ತಟ್ಟೆ ಇಡುತ್ತೇನೆ. ತಾರೀಖನ್ನು ಮಾತ್ರ ಆ ಹೊಸ ಹುಡುಗಿ ಬರೆಯುತ್ತಾಳೆ. ನಾನೇ ಹಾಗೆಂದು ಕೇಳಿಕೊಂಡೆ.

ನೀನೊಬ್ಬಳು ನಂಬಿದರೆ ಸಾಕು ಎಂದು ಬರೆಯಲು ಹೊರಟಿದ್ದೆ. ನನ್ನನ್ನು ನಂಬು ಎಂದು ನಿನ್ನನ್ನು ಕೇಳಲು ಈಗ ನನಗೆ ಬಾಯಿಲ್ಲ.

ಅಮ್ಮ